ಡೇಗಾನಾದ ಭಾರದ ಕಲ್ಲು

ನಮ್ಮ ತಂದೆಯವರು ಕಲ್ಲಿನ ಗಣಿಯಲ್ಲಿ ಕುಳಿ ಕೊರೆಯುವ ಕೆಲಸದವರು. ಅವರ ಸರಳಿನ ತುದಿಯಲ್ಲಿ ಬೂದುಬಣ್ಣದ ಸಣ್ಣ ಬಿಲ್ಲೆಯೊಂದಿರುತ್ತದೆ. ಅದು ಟಂಗ್‌ಸ್ಟನ್ ಹಾಗೂ ಇಂಗಾಲ ಕೂಡಿದ ಕಾರ್ಬೈಡ್ ಎಂದು ನಾನು ತಿಳಿದದ್ದು ಕಾಲೇಜಿಗೆ ಬಂದ ಮೇಲೆಯೇ. ಆ ಲೋಹ ನಮ್ಮ ದೇಶದಲ್ಲಿ ಎಲ್ಲಿದೆಯೆಂದು ಹುಡುಕುತ್ತ ಹೋದಾಗ ರಾಜಸ್ಥಾನದ ನಾಗೌರ್ ಜಿಲ್ಲೆಯ ಡೇಗಾನಾ ಸಿಕ್ಕಿತು. ಆ ಊರನ್ನು ನಾನು ಕಂಡವನಲ್ಲ. ಓದಿ ತಿಳಿದುದನ್ನಷ್ಟೇ ಸಹಪಾಠಿಗಳ ಮುಂದಿಡುತ್ತೇನೆ.

ಥಾರ್ ಮರುಭೂಮಿಯ ಪೂರ್ವದ ಅಂಚಿನಲ್ಲಿ, ಡೇಗಾನಾ ರೈಲುನಿಲ್ದಾಣದ ಸಮೀಪದಲ್ಲಿ, ರೇವತ್ ಎಂಬ ಗ್ರಾನೈಟಿನ ಗುಡ್ಡವಿದೆ. ಭೂಮಿಯ ಆಳದಲ್ಲಿ ಶಿಲಾರಸವು ತಣ್ಣಗಾಗಿ ಗ್ರಾನೈಟ್ ಆಗುವಾಗ, ಕೊನೆಗೆ ಉಳಿದ ಬಿಸಿನೀರಿನಲ್ಲಿ ಕಲ್ಲಿನೊಳಗೆ ಹೊಂದಿಕೊಳ್ಳದ ಧಾತುಗಳೆಲ್ಲ ಸೇರಿಕೊಳ್ಳುತ್ತವೆ. ಆ ನೀರು ಬಿರುಕುಗಳನ್ನು ಹೊಕ್ಕು ತಣಿದಾಗ ಬಿಳಿಯ ಬೆಣಚಿನ ಎಳೆಗಳೂ, ಅವುಗಳೊಳಗೆ ಕಪ್ಪನೆಯ ವುಲ್ಫ್ರಮೈಟೂ ಮೂಡುತ್ತವೆ. ಕಬ್ಬಿಣ, ಮ್ಯಾಂಗನೀಸ್, ಟಂಗ್‌ಸ್ಟನ್ ಮತ್ತು ಆಮ್ಲಜನಕಗಳು ಕೂಡಿದ ಖನಿಜವಿದು. ಎಳೆಗಳ ಅಂಚಿನ ಗ್ರಾನೈಟ್ ಕೂಡ ಮಾರ್ಪಟ್ಟು ಲಿಥಿಯಮ್ ಇರುವ ಅಭ್ರಕವನ್ನು ಪಡೆದಿದೆ. ಗುಡ್ಡ ಸವೆದು ಬುಡದಲ್ಲಿ ಬಿದ್ದ ಗರಸಿನಲ್ಲಿಯೂ ವುಲ್ಫ್ರಮೈಟ್ ಉಂಟು.

ಸ್ವೀಡನ್ನಿನ ಭಾಷೆಯಲ್ಲಿ 'ಟಂಗ್‌ಸ್ಟನ್' ಎಂದರೆ ಭಾರದ ಕಲ್ಲು. ಬೆಣಚು ನೀರಿಗಿಂತ ಸುಮಾರು 2.65 ಪಟ್ಟು ಭಾರ; ವುಲ್ಫ್ರಮೈಟ್ 7 ಪಟ್ಟಿಗಿಂತಲೂ ಹೆಚ್ಚು. ಇಂತಹ ಗಣಿಗಳ ಕೆಲಸವೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ. ಒಂದು ಟನ್ ಕಲ್ಲನ್ನು ಒಡೆದು ಪುಡಿಮಾಡಿದರೆ ದೊರೆಯುವುದು ಕೆಲವೇ ಕಿಲೋ ಅದುರು. ನಮ್ಮ ಮನೆಯಲ್ಲಿ ಅಕ್ಕಿಯನ್ನು ಗಾಳಿಸಿ ತಳದಲ್ಲಿ ಉಳಿದ ಕಲ್ಲನ್ನು ಚೆಲ್ಲುತ್ತೇವೆ; ಇಲ್ಲಿ ಪುಡಿಯನ್ನು ನೀರಿನಲ್ಲಿ ಗಾಳಿಸಿ, ತಳದಲ್ಲಿ ಉಳಿದುದನ್ನೇ ಇಟ್ಟುಕೊಳ್ಳಬೇಕು! ವುಲ್ಫ್ರಮೈಟನ್ನು ಬಲವಾದ ಅಯಸ್ಕಾಂತ ಸೆಳೆಯುವುದರಿಂದ ಮತ್ತಷ್ಟು ಶುದ್ಧಿ ಮಾಡಬಹುದು. ಆದರೆ ಮೊದಲು ನೀರು ಬೇಕಷ್ಟೆ, ಮರುಭೂಮಿಯಲ್ಲಿ ಅದೇ ದುರ್ಲಭ.

ನೀರಿನ ಇನ್ನೊಂದು ಉಪಯೋಗವನ್ನು ನಮ್ಮ ಪಠ್ಯಪುಸ್ತಕ ಹೇಳುವುದಿಲ್ಲ. ಟಂಗ್‌ಸ್ಟನ್ 3422 ಸೆಂಟಿಗ್ರೇಡಿನಲ್ಲಿ ಕರಗುತ್ತದೆಂಬುದು ಅದರಲ್ಲಿದೆ. ಬೆಣಚಿನ ದೂಳು ಶ್ವಾಸಕೋಶದಲ್ಲಿ ಕೂತರೆ ಹೋಗದೆಂಬುದು ಇಲ್ಲ. ಕುಳಿಗೆ ನೀರು ಬಿಟ್ಟು ಕೊರೆದರೆ ದೂಳು ಅಡಗುತ್ತದೆ. ಬೇಸಿಗೆಯಲ್ಲಿ ನೀರಿನ ಗಾಡಿ ಬಾರದ ದಿನ ನಮ್ಮ ತಂದೆಯವರು ಮುಖಕ್ಕೆ ಒದ್ದೆ ವಸ್ತ್ರ ಕಟ್ಟಿಕೊಂಡು ಕೊರೆಯುತ್ತಾರೆ. ರಾತ್ರಿಯ ಅವರ ಕೆಮ್ಮಿನ ಕಾರಣ ನನಗೆ ತಿಳಿದದ್ದೂ ಇದೇ ಓದಿನಿಂದ.

ಡೇಗಾನಾದ ಅದುರಿಗೆ ಬೇಡಿಕೆ ಬಂದದ್ದು ಮಹಾಯುದ್ಧಗಳ ಕಾಲದಲ್ಲಿ. ಉಕ್ಕನ್ನು ಗಡುಸುಗೊಳಿಸಲು ಟಂಗ್‌ಸ್ಟನ್ ಬೇಕಾಗಿತ್ತು. ಮುಂದೆ ಚೀನದ ಅಗ್ಗದ ಅದುರು ಲೋಕದ ಪೇಟೆಯನ್ನು ತುಂಬಿ ಬೆಲೆ ಕುಸಿಯಿತು. 1990ರ ದಶಕದಲ್ಲಿ ರೇವತ್ ಗುಡ್ಡದ ಗಣಿ ಮುಚ್ಚಿತು. ಅದುರು ತೀರಿ ಮುಚ್ಚಿದ್ದಲ್ಲ. ತೆಗೆಯುವ ಖರ್ಚು ಗಿಟ್ಟದೆ ಮುಚ್ಚಿದ್ದು. ನಮ್ಮ ಕೋಲಾರದ ಚಿನ್ನದ ಗಣಿಯ ಮರಳುದಿಬ್ಬಗಳಲ್ಲಿಯೂ ಷೀಲೈಟ್ ಎಂಬ ಇನ್ನೊಂದು ಟಂಗ್‌ಸ್ಟನ್ ಖನಿಜವಿದೆ. ಆದರೂ ದೇಶಕ್ಕೆ ಬೇಕಾದ ಟಂಗ್‌ಸ್ಟನ್ನಿನ ಬಹುಪಾಲು ಹೊರಗಿನಿಂದಲೇ ಬರುತ್ತಿದೆ. ಇದನ್ನು ಹೇಳಿದಾಗ ನಮ್ಮ ತಂದೆಯವರು ಸರಳಿನ ತುದಿಯನ್ನು ಒರೆಸಿ ನೋಡಿ, "ಹಾಗಾದರೆ ಇದು ನನಗಿಂತ ದೂರ ತಿರುಗಿ ಬಂದಿದೆ" ಎಂದರು.