ವಾಹನದ ಎಂಜಿನ್: ಮುಂಜಾನೆಯ ಹತ್ತು ನಿಮಿಷ ಮತ್ತು ದುರಸ್ತಿ ವೆಚ್ಚ

ಸುಳ್ಯ ತಾಲೂಕಿನ ಅಜ್ಜಾವರದಂತಹ ಗ್ರಾಮಗಳಲ್ಲಿ ಅಡಿಕೆ, ರಬ್ಬರ್, ತೆಂಗಿನ ವಹಿವಾಟು ನಡೆಸುವವರಿಗೆ ಪಿಕ್‌ಅಪ್ ವಾಹನವು ತಕ್ಕಡಿಯಷ್ಟೇ ಅನಿವಾರ್ಯ. ಡೀಸೆಲ್, ವಿಮೆ, ಚಾಲಕನ ಸಂಬಳ ಇವುಗಳನ್ನು ತಪ್ಪದೆ ಲೆಕ್ಕಕ್ಕೆ ಬರೆಯುವ ವ್ಯಾಪಾರಸ್ಥರು ಎಂಜಿನ್ನಿನ ಸವೆತವನ್ನು ಮಾತ್ರ, ಅದನ್ನು ಬಿಚ್ಚಿ ಬೋರ್ ಮಾಡಿಸಬೇಕೆಂದು ಮೆಕ್ಯಾನಿಕ್ ಹೇಳುವ ದಿನದವರೆಗೆ, ಮರೆತೇ ಇರುತ್ತಾರೆ. ಈ ಸವೆತದಲ್ಲಿ ಬೆಳಗಿನ ಮೊದಲ ಹತ್ತು ನಿಮಿಷಗಳ ಪಾಲು ಆ ಅವಧಿಗೆ ಹೋಲಿಸಿದರೆ ಬಹಳ ದೊಡ್ಡದು.

ಇದಕ್ಕೆ ಕಾರಣ ಎಣ್ಣೆ. 15ಡಬ್ಲ್ಯು-40 ದರ್ಜೆಯ ಎಂಜಿನ್ ಆಯಿಲ್ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವುದಕ್ಕಿಂತ 40 ಡಿಗ್ರಿಯಲ್ಲಿ ಸುಮಾರು ಏಳು ಪಟ್ಟು ಮಂದವಾಗಿರುತ್ತದೆ; ಮುಂಜಾನೆಯ ತಂಪಿನಲ್ಲಿ ಇನ್ನೂ ಹೆಚ್ಚು. ಆಗ ಎಂಜಿನ್ನಿನ ವೇಗವನ್ನು ಒಮ್ಮೆಲೇ ಏರಿಸಿದರೆ ಒತ್ತಡ ಮಿತಿಮೀರಿ, ಫಿಲ್ಟರಿನ ಬದಿಯ ಕವಾಟ ತೆರೆದುಕೊಂಡು, ಶೋಧಿಸದ ಎಣ್ಣೆಯೇ ಬೇರಿಂಗುಗಳಿಗೆ ಹೋಗುವ ಸಂಭವವುಂಟು. ಲೋಹಗಳ ಹಿಗ್ಗುವಿಕೆಯೂ ಒಂದೇ ಸಮನಲ್ಲ. ಅಲ್ಯೂಮಿನಿಯಂ ಪಿಸ್ಟನ್ ಬೀಡುಕಬ್ಬಿಣದ ಬ್ಲಾಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಅದಕ್ಕಿಂತ ಬೇಗ ಬಿಸಿಯೂ ಆಗುತ್ತದೆ. ಬ್ಲಾಕ್ ಇನ್ನೂ ತಣ್ಣಗಿರುವಾಗಲೇ ಪೂರ್ಣ ಭಾರ ಹೇರಿದರೆ ನಡುವಿನ ತೆರಪು ಕಿರಿದಾಗಿ ಸಿಲಿಂಡರಿನ ಗೋಡೆಯ ಮೇಲೆ ಗೀರು ಬೀಳುತ್ತದೆ.

ಈ ಪಾಠವನ್ನು ಅತ್ಯಂತ ಗಂಭೀರವಾಗಿ ಪರಿಗಣಿಸಿದವರು ಕ್ರೀಡಾ ಕಾರುಗಳ ತಯಾರಕರು. 2000ರಲ್ಲಿ ಬಂದ ಬಿಎಂಡಬ್ಲ್ಯು ಎಂ3 ಕಾರಿನ ಎಂಜಿನ್ ವೇಗಸೂಚಕದ (ಟ್ಯಾಕೋಮೀಟರ್) ಸುತ್ತ ಎಚ್ಚರಿಕೆಯ ದೀಪಗಳಿದ್ದವು. ಎಣ್ಣೆ ಬಿಸಿಯಾದಂತೆ ಅವು ಒಂದೊಂದಾಗಿ ಆರಿ, ಚಾಲಕನು ಎಷ್ಟರವರೆಗೆ ಎಂಜಿನ್ನನ್ನು ಏರಿಸಬಹುದೆಂಬುದನ್ನು ತಿಳಿಸುತ್ತಿದ್ದವು. ಫಾರ್ಮುಲಾ ಒನ್ ಪಂದ್ಯದ ಎಂಜಿನ್ನನ್ನಂತೂ ನೀರು, ಎಣ್ಣೆಗಳನ್ನು ಹೊರಗಿನಿಂದ ಬಿಸಿ ಮಾಡದೆ ಚಾಲೂ ಮಾಡುವುದೇ ಇಲ್ಲ. ಪಿಕ್‌ಅಪ್ ವಾಹನದಲ್ಲಿ ಇಂತಹ ದೀಪಗಳಿಲ್ಲ. ಇರುವುದು ನೀರಿನ ಉಷ್ಣತೆಯ ಮುಳ್ಳು ಮಾತ್ರ. ನೀರು ಬಿಸಿಯಾದ ಬಳಿಕವೂ ಎಣ್ಣೆ ಕಾಯಲು ಇನ್ನೂ ಕೆಲವು ನಿಮಿಷಗಳು ಬೇಕು ಎಂಬುದನ್ನು ಆ ಮುಳ್ಳು ಹೇಳುವುದಿಲ್ಲ.

ಹಾಗೆಂದು ಅಂಗಳದಲ್ಲಿ ಹದಿನೈದು ನಿಮಿಷ ಎಂಜಿನ್ ಓಡಿಸಿಟ್ಟು ಚಹಾ ಕುಡಿಯುವ ಹಳೆಯ ರೂಢಿ ಪರಿಹಾರವಲ್ಲ. ಭಾರವಿಲ್ಲದೆ ಓಡುವ ಡೀಸೆಲ್ ಎಂಜಿನ್ ಬಹಳ ನಿಧಾನವಾಗಿ ಬಿಸಿಯಾಗುತ್ತದೆ. ಸರಿಯಾಗಿ ಉರಿಯದ ಇಂಧನ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿಯುತ್ತದೆ. ಖರ್ಚಿನ ದೃಷ್ಟಿಯಿಂದಲೂ ನೋಡಬಹುದು. ದಿನಕ್ಕೆ 15 ನಿಮಿಷದಂತೆ 300 ದಿನಕ್ಕೆ 75 ಗಂಟೆ. ಗಂಟೆಗೆ ಮುಕ್ಕಾಲು ಲೀಟರು, ಲೀಟರಿಗೆ ₹90 ಎಂದು ಹಿಡಿದರೆ ವರ್ಷಕ್ಕೆ ₹5,000ಕ್ಕೂ ಮಿಕ್ಕಿ ಹೊಗೆಯಾಗುತ್ತದೆ. ಇನ್ನೊಂದು ಬದಿಯಲ್ಲಿ, ₹1,20,000 ವೆಚ್ಚದ ಎಂಜಿನ್ ಕೆಲಸ 3 ಲಕ್ಷ ಕಿಲೋಮೀಟರಿಗೆ ಬರುವ ಬದಲು 2 ಲಕ್ಷಕ್ಕೇ ಬಂದಿತೆನ್ನೋಣ. ಕಿಲೋಮೀಟರಿಗೆ 40 ಪೈಸೆಯಿದ್ದ ಭಾರ 60 ಪೈಸೆಯಾಗುತ್ತದೆ. ವರ್ಷಕ್ಕೆ 30,000 ಕಿಲೋಮೀಟರ್ ಓಡುವ ವಾಹನಕ್ಕೆ ವ್ಯತ್ಯಾಸ ₹6,000. ಉಳಿಸಲು ಹೊರಟದ್ದನ್ನು ಬಹುಪಾಲು ಅಂಗಳದಲ್ಲೇ ಸುಟ್ಟಂತಾಯಿತು. ಸುಳ್ಯದ ಹವೆಯಲ್ಲಿ ಚಾಲೂ ಮಾಡಿ ಅರ್ಧ ನಿಮಿಷದಿಂದ ಒಂದು ನಿಮಿಷದೊಳಗೆ ಹೊರಟು, ಮೊದಲ ಹತ್ತು ನಿಮಿಷ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ನಡೆಸುವುದೇ ಸರಿಯಾದ ಕ್ರಮ.

ತೊಡಕಿರುವುದು ಇಲ್ಲಿಯೇ. ಚಾಲಕರಿಗೆ ಭಯವಿರುವುದು ಸಂಪಾಜೆ ಘಾಟಿಯದ್ದು. ಆದರೆ ಮಡಿಕೇರಿಯ ಕಡೆಗೆ ಹೋಗುವ ವಾಹನ ಘಾಟಿಯ ಬುಡ ಸೇರುವಷ್ಟರಲ್ಲಿ ಎಣ್ಣೆ ಚೆನ್ನಾಗಿ ಕಾದಿರುತ್ತದೆ. ಎಂಜಿನ್ನಿಗೆ ನಿಜವಾದ ಪೆಟ್ಟು ಬೀಳುವುದು ತೋಟದ ಮನೆಯಿಂದ ಮುಖ್ಯ ರಸ್ತೆಗೆ ಏರುವ ಕಡಿದಾದ ಖಾಸಗಿ ದಾರಿಯಲ್ಲಿ: ಭರ್ತಿ ಹೇರು, ಒಂದನೇ ಗೇರು, ತಣ್ಣಗಿನ ಎಣ್ಣೆ. ಹಿಂದಿನ ಸಂಜೆಯೇ, ಎಂಜಿನ್ ಬಿಸಿಯಿರುವಾಗ, ಹೇರಿದ ವಾಹನವನ್ನು ಮೇಲಿನ ಸಮತಟ್ಟಿಗೆ ತಂದು ನಿಲ್ಲಿಸಲು ಸಾಧ್ಯವಿದ್ದವರು ಹಾಗೆ ಮಾಡುವುದು ಲೇಸು. ಮಳೆಗಾಲದಲ್ಲಿ ಅಡಿಕೆಗೆ ಟಾರ್ಪಾಲು, ರಾತ್ರಿಗೆ ಕಾವಲು ಬೇಕಾಗುತ್ತದೆಯೆಂಬುದು ನಿಜ. ಅದಾಗದಿದ್ದರೆ ಖಾಲಿ ವಾಹನವನ್ನು ಒಂದು ಸುತ್ತು ಓಡಿಸಿ ತಂದ ಮೇಲೆ ಹೇರಬಹುದು.

ಟರ್ಬೋ ಇರುವ ವಾಹನಗಳಲ್ಲಿ ನಿಲ್ಲಿಸುವಾಗಲೂ ಎಚ್ಚರ ಬೇಕು. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಬಾರಿ ತಿರುಗಬಲ್ಲ ಅದರ ಅಚ್ಚಿಗೆ ಎಣ್ಣೆಯೇ ಆಧಾರ. ಘಾಟಿ ಏರಿದ ಕೂಡಲೇ ಹೋಟೆಲಿನ ಮುಂದೆ ಕೀಲಿ ತಿರುಗಿಸಿದರೆ ಎಣ್ಣೆಯ ಹರಿವು ನಿಂತು, ಉಳಿದದ್ದು ಅಲ್ಲೇ ಕರಿಕಟ್ಟುತ್ತದೆ. ಒಂದೆರಡು ನಿಮಿಷ ಎಂಜಿನ್ ಓಡಲು ಬಿಡಬೇಕು.

ಇನ್ನು ಲೆಕ್ಕಪತ್ರದ ಮಾತು. ಸ್ವಂತ ವ್ಯಾಪಾರದ ಸರಕು ವಾಹನದ ದುರಸ್ತಿ ವ್ಯವಹಾರದ ಖರ್ಚಾಗಿ ಸಲ್ಲುತ್ತದೆ. ಸಾಮಾನ್ಯ ಪದ್ಧತಿಯಲ್ಲಿ ಜಿಎಸ್‌ಟಿ ಕಟ್ಟುವವರಿಗೆ ಬಿಲ್ಲಿನ ತೆರಿಗೆಯ ಜಮೆಯೂ ದೊರೆಯುತ್ತದೆ. ಆದರೆ ವಾಹನವನ್ನು ಬಾಡಿಗೆಗೆ ಓಡಿಸಿ, ತಿಂಗಳಿಗೆ ವಾಹನಕ್ಕೆ ಇಷ್ಟು ಎಂಬ ಅಂದಾಜು ಆದಾಯದ ಮೇಲೆ ಆದಾಯ ತೆರಿಗೆ ಕಟ್ಟುವವರು ದುರಸ್ತಿಯನ್ನು ಪ್ರತ್ಯೇಕವಾಗಿ ಕಳೆಯುವಂತಿಲ್ಲ. ಅಂತಹವರಿಗೆ ಎಂಜಿನ್ ಕೆಲಸದ ಪ್ರತಿ ರೂಪಾಯಿಯೂ ಸ್ವಂತ ಜೇಬಿನದು. ಪ್ರತಿ ವಾಹನಕ್ಕೂ ಒಂದು ಪುಟ ತೆರೆದು, ಆಯಿಲ್ ಬದಲಿಸಿದ ದಿನಾಂಕ, ಮೀಟರಿನ ಓಟ, ನಡುವೆ ಸುರಿದ ಹೆಚ್ಚುವರಿ ಆಯಿಲ್, ಗ್ಯಾರೇಜಿನಲ್ಲಿ ನಿಂತ ದಿನಗಳ ಬದಲಿ ಬಾಡಿಗೆ ಇವನ್ನು ಬರೆದಿಟ್ಟರೆ, ಎಂಜಿನ್ ಆಯಿಲ್ ಕುಡಿಯಲು ಆರಂಭಿಸಿದ ತಿಂಗಳು ಆ ಪುಟದಲ್ಲೇ ಕಾಣಸಿಗುತ್ತದೆ.