ಕಾಳಿ ನದಿ ಹಿಂದಕ್ಕೆ ಹರಿಯುವುದೇಕೆ?

ರಜೆ ಬಂತೆಂದರೆ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಎಲ್ಲಿಗಾದರೂ ಹೋಗಿಬರುವುದು ಉಂಟಲ್ಲವೇ? ನೀವು ಚೆಂಡಿಯಾ, ಅಮದಳ್ಳಿ ಕಡೆಯವರಾದರೆ ಬಸ್ಸು ಹತ್ತಿ ಕಾರವಾರ ಪೇಟೆ ದಾಟಿ ಕೋಡಿಬಾಗಕ್ಕೆ ಹೋಗಿ. ಕಾಳಿ ನದಿ ಸಮುದ್ರ ಸೇರುವುದು ಅಲ್ಲೇ. ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ ಕಾಣುತ್ತದೆ. ನದಿಯು ಸಮುದ್ರ ಸೇರುವ ಇಂಥ ಜಾಗಕ್ಕೆ ಅಳಿವೆ ಎನ್ನುತ್ತಾರೆ.

ಹೋಗಲು ಅಮಾವಾಸ್ಯೆ ಇಲ್ಲವೇ ಹುಣ್ಣಿಮೆಯ ಆಸುಪಾಸಿನ ದಿನ ಆರಿಸಿಕೊಳ್ಳಿ. ಮಳೆಗಾಲ ಬೇಡ, ಬೇಸಿಗೆಯೇ ಒಳ್ಳೆಯದು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ದಂಡೆಯಲ್ಲಿ ನಿಂತು, ನೀರಿನಲ್ಲಿ ತೇಲುವ ಎಲೆ, ಕಸಕಡ್ಡಿಗಳನ್ನು ಗಮನಿಸಿ. ಅವು ಸಮುದ್ರದ ಕಡೆಗಲ್ಲ, ಘಟ್ಟದ ಕಡೆಗೆ ಸಾಗುತ್ತಿರುತ್ತವೆ! ಜೋಯಿಡಾ ತಾಲೂಕಿನಲ್ಲಿ ಹುಟ್ಟಿ ಸುಮಾರು 184 ಕಿ.ಮೀ. ಹರಿದು ಬಂದ ನದಿ ಇಲ್ಲಿ ಹಿಂದಿರುಗಿ ಹೊರಟಿತೇ?

ಇದು ಭರತದ ಕೆಲಸ. ಪುಸ್ತಕದಲ್ಲಿ ಇದನ್ನು ಉಬ್ಬರ ಎಂದು ಓದಿರುತ್ತೀರಿ. ಭೂಮಿಯಲ್ಲಿ ಚಂದ್ರನಿಗೆ ಎದುರಾದ ಕಡೆ ಅವನ ಸೆಳೆತ ಹೆಚ್ಚು, ಹಿಂಬದಿಯಲ್ಲಿ ಕಡಿಮೆ. ಈ ವ್ಯತ್ಯಾಸದಿಂದ ಎರಡೂ ಕಡೆ ಸಮುದ್ರ ಉಬ್ಬುತ್ತದೆ. ಭೂಮಿ ತಿರುಗುತ್ತಿರುವುದರಿಂದ ನಮ್ಮ ಕರಾವಳಿಗೆ ದಿನಕ್ಕೆ ಸಾಮಾನ್ಯವಾಗಿ ಎರಡು ಸಲ ಭರತ, ಎರಡು ಸಲ ಇಳಿತ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯನ ಸೆಳೆತವೂ ಜೊತೆಗೂಡಿ ನೀರು ಇನ್ನಷ್ಟು ಏರುತ್ತದೆ. ಆ ದಿನಗಳಲ್ಲಿ ಕಾರವಾರದಲ್ಲಿ ಭರತ ತುಂಬುವುದು ಹನ್ನೊಂದು, ಹನ್ನೆರಡು ಗಂಟೆಯ ಸುಮಾರಿಗೆ. ಊಟ ಮುಗಿಸಿ ಮತ್ತೆ ನೋಡಿ. ಎಲೆಗಳು ಸಮುದ್ರದತ್ತ ಹೊರಟಿರುತ್ತವೆ.

ಕವಿ ರವೀಂದ್ರನಾಥ ಠಾಕೂರರು 1880ರ ದಶಕದ ಆರಂಭದಲ್ಲಿ ಕಾರವಾರದಲ್ಲಿದ್ದಾಗ ಒಂದು ಸಂಜೆ ದೋಣಿಯಲ್ಲಿ ಇದೇ ನದಿಯೊಳಗೆ ಹೋಗಿದ್ದರು. ಮರಳುವಾಗ ಇಳಿತದ ನೀರಿಗೇ ದೋಣಿಯನ್ನು ಬಿಟ್ಟುಕೊಟ್ಟು ಬಂದುದಾಗಿ ತಮ್ಮ ಜೀವನಸ್ಮೃತಿಯಲ್ಲಿ ಬರೆದಿದ್ದಾರೆ. ದೋಣಿ ಎಷ್ಟು ನಿಧಾನ ಸಾಗಿತೆಂದರೆ ಅಳಿವೆ ಮುಟ್ಟುವಾಗ ರಾತ್ರಿ ಬಹಳವಾಗಿತ್ತು. ಅಲ್ಲಿಂದ ಮನೆಗೆ ಮರಳ ಮೇಲೆ ನಡೆದೇ ಹೋದರಂತೆ!

ಒಳಗೆ ನುಗ್ಗುವ ಸಮುದ್ರದ ನೀರು ನದಿಯ ಸಿಹಿನೀರಿನೊಡನೆ ಕೂಡಲೇ ಬೆರೆಯುವುದಿಲ್ಲ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಹಾಗಾಗಿ ಅದು ಸಿಹಿನೀರಿಗಿಂತ ಭಾರ. ಮನೆಯಲ್ಲೇ ಮಾಡಿ ನೋಡಿ. ಒಂದು ಲೋಟ ನೀರಿಗೆ ಎರಡು ಚಮಚ ಉಪ್ಪು, ನಾಲ್ಕು ಹನಿ ಶಾಯಿ ಹಾಕಿ ಕದಡಿ. ಇನ್ನೊಂದು ಗಾಜಿನ ಲೋಟದಲ್ಲಿ ಅರ್ಧದಷ್ಟು ಬರೀ ನೀರಿರಲಿ. ಬಣ್ಣದ ನೀರನ್ನು ಅದರ ಅಂಚಿನಗುಂಟ ಮೆಲ್ಲಗೆ ಸುರಿಯಿರಿ. ಅದು ಜಾರಿ ತಳಕ್ಕೆ ಹೋಗಿ ಕೂರುತ್ತದೆ. ಅಳಿವೆಯಲ್ಲೂ ಉಪ್ಪುನೀರು ಹೀಗೆಯೇ ತಳದಲ್ಲಿ ನುಸುಳುತ್ತದೆ. ಮಳೆಗಾಲದಲ್ಲಿ ನದಿ ತುಂಬಿ ಅದನ್ನು ಹೊರಗೆ ತಳ್ಳುತ್ತದೆ. ಬೇಸಿಗೆಯಲ್ಲಿ ನದಿ ಸೊರಗಿದಾಗ ಅದು ಬಹಳ ಒಳಗೆ ಬರುತ್ತದೆ. ದಡದ ಬಾವಿಗಳ ನೀರು ಉಪ್ಪಾಗುವುದಕ್ಕೆ ಇದೂ ಒಂದು ಕಾರಣ. ಉತ್ತರ ಕನ್ನಡದ ಗಜನಿ ಗದ್ದೆಗಳಲ್ಲಿ ರೈತರು ಕಟ್ಟೆ ಕಟ್ಟಿ ಈ ನೀರನ್ನು ತಡೆಯುತ್ತಾರೆ, ಉಪ್ಪು ತಾಳುವ ಕಗ್ಗ ಭತ್ತವನ್ನೂ ಬೆಳೆಯುತ್ತಾರೆ.

ಇಳಿತದಲ್ಲಿ ಮರಳ ದಿಬ್ಬಗಳು ತೆರೆದುಕೊಂಡಾಗ ಜನ ಚಿಪ್ಪು ಆರಿಸಲು ಇಳಿಯುತ್ತಾರೆ. ಅವರಿಗೆ ಭರತದ ವೇಳೆ ಬಾಯಿಪಾಠ. ನೀರು ತಿರುಗುವ ಮೊದಲೇ ದಡ ಸೇರಿರುತ್ತಾರೆ. ವೇಳೆ ಗೊತ್ತಿಲ್ಲದ ನಾವು ದಿಬ್ಬಕ್ಕೆ ಹೋಗಲೇಬಾರದು. ಹಿಂದಿನಿಂದ ನೀರು ಸುತ್ತುವರಿದದ್ದು ತಿಳಿಯುವುದೇ ಇಲ್ಲ. ಇಳಿಯುವ ನೀರಿನಲ್ಲಿ ಈಜಾಡುವುದೂ ಅಪಾಯ, ಅದು ಸಮುದ್ರಕ್ಕೆ ಎಳೆಯುತ್ತದೆ. ಸೇತುವೆಯ ಮೇಲೆ ನಿಂತು ನೋಡಬೇಡಿ, ಅದು ಲಾರಿಗಳು ಓಡುವ ಹೆದ್ದಾರಿ.

ಈಗ ಒಂದು ಲೆಕ್ಕ. ಭರತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆಯಂದು ಹನ್ನೊಂದು ಗಂಟೆಗೆ ಭರತ ತುಂಬಿತ್ತೆಂದುಕೊಳ್ಳಿ. ಏಳು ದಿನ ಬಿಟ್ಟು ಅದೇ ಹನ್ನೊಂದು ಗಂಟೆಗೆ ಕೋಡಿಬಾಗದ ದಂಡೆಯಲ್ಲಿ ನಿಂತರೆ ನಿಮಗೆ ಏನು ಕಂಡೀತು?