ಮೂತ್ರಪಿಂಡದ ನಡುವಣ ಬಿಳುಪು

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಗುಬ್ಬಿಯಿಂದ ತನ್ನ ತಾಯಿಯ ಸ್ಕ್ಯಾನ್ ವರದಿಯನ್ನು ಹಿಡಿದು ನಮ್ಮಲ್ಲಿಗೆ ಬಂದಳು. ಬಲ ಮೂತ್ರಪಿಂಡದ ನಡುಭಾಗವು ‘ಸ್ವಲ್ಪ ಹಿಗ್ಗಿದೆ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯವೊಂದು ಅದರಲ್ಲಿತ್ತು. ಪಿಂಡವೇ ಕೆಟ್ಟಿತೆಂದು ಮನೆಯವರು ಎರಡು ರಾತ್ರಿ ನಿದ್ದೆಗೆಟ್ಟಿದ್ದರಂತೆ. ಆ ದಿನ ಆಕೆಗೆ ಹೇಳಿದ ಪಾಠವನ್ನೇ ಇಲ್ಲಿ ಬರೆದಿದ್ದೇವೆ. ನಾವು ವೈದ್ಯರಲ್ಲ, ಶರೀರಶಾಸ್ತ್ರವನ್ನು ಬೋಧಿಸಿದವರು ಮಾತ್ರ.

ಅವರೆಕಾಳಿನ ಆಕಾರದ ಈ ಅಂಗವು ಪ್ರಾಯದವರಲ್ಲಿ ಸುಮಾರು 9ರಿಂದ 12 ಸೆಂಟಿಮೀಟರ್ ಉದ್ದವಿರುವುದು. ಹೊರಗಣ ತಿರುಳು ರಕ್ತವನ್ನು ಸೋಸುತ್ತದೆ. ನಡುವಣ ಗುಳಿಯಲ್ಲಿ ಕೊಬ್ಬು, ರಕ್ತನಾಳಗಳು, ಮೂತ್ರವು ಬಂದು ಸೇರುವ ಚಿಕ್ಕ ಬಟ್ಟಲುಗಳು ಇವೆಲ್ಲವೂ ಒತ್ತಾಗಿ ಕೂಡಿಕೊಂಡಿವೆ. ಅಲ್ಲಿಂದ ಸಣ್ಣ ನಾಳವೊಂದು ಮೂತ್ರಕೋಶಕ್ಕೆ ಇಳಿಯುತ್ತದೆ.

ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ನಾದವು ಕೇಳಿಸೀತು. ಹೊಟ್ಟೆಯನ್ನು ಪರೀಕ್ಷಿಸುವ ಯಂತ್ರದ ನಾದವಾದರೋ ಸಾಮಾನ್ಯವಾಗಿ 20ರಿಂದ 50 ಲಕ್ಷ ಕಂಪನಗಳದು. ಚರ್ಮಕ್ಕೆ ಲೋಳೆಯನ್ನು ಬಳಿಯುವುದು ನಡುವೆ ಗಾಳಿ ಉಳಿಯದಿರಲೆಂದು. ಗಾಳಿಯಿದ್ದರೆ ನಾದವು ಒಳಹೋಗದು. ಒಂದು ಪದಾರ್ಥದಿಂದ ಇನ್ನೊಂದಕ್ಕೆ ದಾಟುವಲ್ಲೆಲ್ಲ ನಾದದ ಒಂದಂಶವು ಪ್ರತಿಧ್ವನಿಯಾಗಿ ಮರಳುವುದು. ನಡುಗುಳಿಯಲ್ಲಿ ಕೊಬ್ಬೂ ನಾಳಗಳೂ ಹೆಣೆದುಕೊಂಡಿರುವುದರಿಂದ ಪ್ರತಿಧ್ವನಿ ಹೆಚ್ಚು. ಆದಕಾರಣ ಆ ಭಾಗವು ಪರದೆಯ ಮೇಲೆ ಬೆಳ್ಳಗೆ ಕಾಣುವುದು. ಅದು ರೋಗವಲ್ಲ, ಸಹಜ. ಕೊಬ್ಬು ಕಡಮೆಯಿರುವ ಎಳೆಯ ಶಿಶುಗಳಲ್ಲಿ ಈ ಬಿಳುಪೂ ಕಡಮೆ.

ಮೂತ್ರವಾದರೋ ತಿಳಿಯಾದ ದ್ರವ. ಅದರಿಂದ ಪ್ರತಿಧ್ವನಿ ಬಾರದು, ಕಪ್ಪಾಗಿ ತೋರುವುದು. ಕುಣಿಗಲಿನ ಕೆರೆಯ ಕೆಳಗೆ ಗದ್ದೆಗಳನ್ನು ಕಂಡವರಿಗೆ ಮುಂದಿನದನ್ನು ವಿವರಿಸುವುದು ಸುಲಭ. ಕಾಲುವೆಯಲ್ಲಿ ಮುಂದೆಲ್ಲೋ ಕಸ ಕಟ್ಟಿದರೆ ನೀರು ಹಿಂದೇರಿ ನಿಲ್ಲುವುದಷ್ಟೆ? ಹಾಗೆಯೇ ನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ ಮೂತ್ರವು ಮೇಲೆ ನಿಂತು, ಬಿಳುಪಿನ ನಡುವೆ ಕಪ್ಪು ಕವಲುಗಳು ಬಿಚ್ಚಿಕೊಳ್ಳುವುವು. ಹಿಗ್ಗುವಿಕೆಯೆಂದರೆ ಇದೇ.

ಆದರೆ ಕಾಲುವೆ ಕಟ್ಟಿರಲೇಬೇಕೆಂದಿಲ್ಲ. ಪರೀಕ್ಷೆಗೆಂದು ನೀರು ಕುಡಿದು ಬಹಳ ಹೊತ್ತು ತಡೆದುಕೊಂಡರೂ ನಡುಭಾಗ ಸ್ವಲ್ಪ ಹಿಗ್ಗಬಹುದು. ಗರ್ಭಿಣಿಯರಲ್ಲಿಯೂ, ಮುಖ್ಯವಾಗಿ ಬಲಗಡೆ, ಹೀಗಾಗುವುದುಂಟು. ಒಮ್ಮೊಮ್ಮೆ ರಕ್ತನಾಳವೇ ಕಪ್ಪು ಗೆರೆಯಾಗಿ ಕಂಡು ಭ್ರಮೆ ಹುಟ್ಟಿಸುವುದು. ರಕ್ತದ ಓಟವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಇದನ್ನು ಬೇರ್ಪಡಿಸಬಲ್ಲುದು. ಗುಬ್ಬಿಯ ಆ ತಾಯಿ ಮೂತ್ರ ವಿಸರ್ಜಿಸಿ ಬಂದ ಮೇಲೆ ಮರುಪರೀಕ್ಷೆ ಮಾಡಿದರು, ಕಪ್ಪು ಮಾಯವಾಗಿತ್ತು.

ಇದನ್ನೋದಿ ಯಾರೂ ಉದಾಸೀನರಾಗಬಾರದು. ನೋವಿಲ್ಲದೆಯೂ ನಾಳವು ನಿಧಾನವಾಗಿ ಕಟ್ಟಿಕೊಂಡು ತಿರುಳು ತೆಳುವಾದೀತು. ಕಲ್ಲು ಬೆಳ್ಳಗೆ ಕಂಡು ತನ್ನ ಹಿಂದೆ ನೆರಳನ್ನು ಬಿಡುವುದು ವಾಡಿಕೆ. ಆದರೂ ಸಣ್ಣ ಕಲ್ಲು ನಡುವಣ ಬಿಳುಪಿನಲ್ಲೇ ಅಡಗಬಲ್ಲುದು, ಸುಣ್ಣದ ಗೋಡೆಯ ಮೇಲಣ ಸೀಮೆಸುಣ್ಣದ ಚುಕ್ಕೆಯಂತೆ. ಜ್ವರ, ರಕ್ತಮೂತ್ರ, ಪಕ್ಕೆನೋವು ಇದ್ದರೆ ‘ಸ್ಕ್ಯಾನಿನಲ್ಲಿ ಏನೂ ಇಲ್ಲ’ ಎಂದು ಸುಮ್ಮನಿರದೆ ವೈದ್ಯರನ್ನು ಮತ್ತೆ ಕಾಣತಕ್ಕದ್ದು. ಅಂಥಲ್ಲಿ ಅವರು ಸಿ.ಟಿ. ಪರೀಕ್ಷೆಯನ್ನು ಸೂಚಿಸಬಹುದು.

ಒಂದು ಸಂಗತಿಯನ್ನು ಸಂಕೋಚವಿಲ್ಲದೆ ಹೇಳುತ್ತೇವೆ. ಶೌಚಗೃಹಕ್ಕೆ ಹೋಗಬೇಕಾದೀತೆಂದು ಬೆಳಿಗ್ಗೆಯಿಂದ ನೀರನ್ನೇ ಮುಟ್ಟದ ಬಾಲಿಕೆಯರನ್ನು ನಾವು ಕಂಡಿದ್ದೇವೆ. ನೀರು ಕಡಮೆಯಾದರೆ ಮೂತ್ರವು ಗಟ್ಟಿಯಾಗಿ ಕಲ್ಲಿಗೂ ಸೋಂಕಿಗೂ ಆಸ್ಪದವಾಗುವುದು. ಬಾಗಿಲಿಗೆ ಚಿಲಕವಿಲ್ಲವೋ, ತೊಟ್ಟಿಯಲ್ಲಿ ನೀರಿಲ್ಲವೋ ಎಂಬುದನ್ನು ಮಗಳು ತಾನಾಗಿ ಹೇಳಲಾರಳು. ತಾಯಂದಿರು ಕೇಳಿ ತಿಳಿದು ನಮಗೆ ಬರೆದು ಕಳುಹಿಸಬೇಕು.